ಇಮೊ, ಗೊಮೊ ಮತ್ತು ಒಡೆದ ಕಟ್ಟಡ

ಕಳೆದ ಭಾನುವಾರ ಸಂಜೆ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು. ಹೆಸರು ತೆಗೆದು ನಂಟು ಮಾತ್ರ ಉಳಿಸಿದ್ದೇನೆ. ಮಧ್ಯೆ ಬಂದ ಶುಭ ಸಂಜೆಯ ಹೂವುಗಳನ್ನೂ ಕಿತ್ತು ಹಾಕಿದ್ದೇನೆ. ಪುಟ್ಟಿ ನನ್ನ ತಂಗಿ. ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಓದುತ್ತಾಳೆ, ಒಂದು ಕೊರಿಯನ್ ಮನೆಯಲ್ಲಿದ್ದಾಳೆ.

ಪುಟ್ಟಿ: (ಫೋಟೋ) ಇವತ್ತು ಇಮೊ, ಹಲ್ಮೊನಿ ಜೊತೆ ಗ್ಯೊಂಗ್‌ಬೊಕ್‌ಗುಂಗ್ ಅರಮನೆಗೆ ಹೋಗಿದ್ದೆ. ಹಾಕಿಕೊಂಡಿರುವ ಹಾನ್‌ಬೊಕ್, ಅಂದರೆ ಇಲ್ಲಿನ ಸಾಂಪ್ರದಾಯಿಕ ಉಡುಪು, ಇಮೊದು. ಲಂಗ ನನಗೆ ಒಂದು ಗೇಣು ಗಿಡ್ಡ.

ಅತ್ತೆ: ಇಮೊ ಅಂದರೆ ಯಾರು?

ಪುಟ್ಟಿ: ಮನೆಯವರು ಅತ್ತೆ. ಇಮೊ ಅಂದರೆ ಅಮ್ಮನ ಕಡೆಯ ಚಿಕ್ಕಮ್ಮ. ಹಲ್ಮೊನಿ ಅಂದರೆ ಅಜ್ಜಿ, ಇಮೊ ಅವರ ತಾಯಿ.

ಅತ್ತೆ: ಹೋಗಿ ಮೂರು ತಿಂಗಳಾಗಿಲ್ಲ, ಆಗಲೇ ಚಿಕ್ಕಮ್ಮ! ನಾನು ಫೋನ್ ಮಾಡಿದರೆ ಎತ್ತುವುದಿಲ್ಲ.

ಭಾವ: ನೋಡಿ, ಅಲ್ಲಿಯೂ ಅಪ್ಪನಿಗೆ ಅಪ್ಪ ಅಂತಲೇ ಅನ್ನುತ್ತಾರೆ! ಅಯೋಧ್ಯೆಯ ರಾಜಕುಮಾರಿ 2000 ವರ್ಷದ ಹಿಂದೆ ಅಲ್ಲಿಗೆ ರಾಣಿಯಾಗಿ ಹೋದಳು. ಅವರ ಭಾಷೆ ಹುಟ್ಟಿದ್ದೇ ನಮ್ಮ ಭಾಷೆಯಿಂದ. ಹೆಮ್ಮೆಯಿಂದ ಎಲ್ಲರಿಗೂ ಕಳಿಸಿ.

ನಾನು: ಭಾವ, ಅಯೋಧ್ಯೆಯಿಂದ ಹೊರಟವಳು ಕನ್ನಡದ ಅಪ್ಪನನ್ನು ಯಾಕೆ ಹೊತ್ತುಕೊಂಡು ಹೋದಳು?

ಪುಟ್ಟಿ: ಕಥೆ ನಿಜವಾಗಿಯೂ ಇದೆ ಭಾವ. ‘ಅಯುತಾ’ದಿಂದ ಕ್ರಿ.ಶ. 48ರಲ್ಲಿ ಬಂದಳು ಅಂತ. ಆದರೆ ಅದು ಇರುವುದು 13ನೇ ಶತಮಾನದ ಪುಸ್ತಕದಲ್ಲಿ. ಆ ಅಯುತಾ ಅಯೋಧ್ಯೆಯೇ ಹೌದಾ ಅನ್ನುವುದೇ ಇನ್ನೊಂದು ಜಗಳ.

ನಾನು: ಮತ್ತೆ ಅಪ್ಪ, ಅಮ್ಮ ಎರಡೂ ತುಟಿ ಮುಚ್ಚಿ ತೆರೆದರೆ ಬರುವ ಶಬ್ದ. ಎಲ್ಲ ದೇಶದ ಕೂಸಿಗೂ ತುಟಿ ಎರಡೇ.

ಭಾವ: ನನಗೆ ಬಂದದ್ದನ್ನು ಕಳಿಸಿದೆ ಅಷ್ಟೇ.

ದೊಡ್ಡಪ್ಪ: ಟಿಕೆಟ್ ಎಷ್ಟು?

ಪುಟ್ಟಿ: 3000 ವೊನ್. ಹಾನ್‌ಬೊಕ್ ಹಾಕಿಕೊಂಡರೆ ಫ್ರೀ.

ದೊಡ್ಡಪ್ಪ: ಮೈಸೂರಿನಲ್ಲೂ ಪಂಚೆ ಉಟ್ಟವರನ್ನು ಹಾಗೇ ಬಿಡಿ ಅಂತ ಅರ್ಜಿ ಹಾಕಬೇಕು.

ಪುಟ್ಟಿ: ಗೇಟು ದಾಟಿದ ಮೇಲೆ ಹಲ್ಮೊನಿ ನಿಂತುಬಿಟ್ಟರು. ‘ಮೊದಲು ಇಲ್ಲಿಂದ ಏನೂ ಕಾಣುತ್ತಿರಲಿಲ್ಲ’ ಅಂದರು. ಅರಮನೆ 1395ರದ್ದು. 1592ರ ಜಪಾನಿ ದಾಳಿಯ ಹೊತ್ತಿಗೆ ಸುಟ್ಟುಹೋಗಿ, 1867ರಲ್ಲಿ ಮತ್ತೆ ಎದ್ದಿತು. ಆಮೇಲೆ ಜಪಾನ್ ಆಳ್ವಿಕೆ ಬಂತು. ಮುಂದಿನ ಭಾಗ ಕೆಡವಿ, ದರ್ಬಾರು ಮಂಟಪಕ್ಕೆ ಅಡ್ಡವಾಗಿ ತಮ್ಮ ದೊಡ್ಡ ಸರ್ಕಾರಿ ಕಟ್ಟಡ ಎಬ್ಬಿಸಿದರು. 1926ರಲ್ಲಿ ಮುಗಿಯಿತು. 1995ರ ಆಗಸ್ಟ್ 15ರಂದು ಅದನ್ನು ಒಡೆಯಲು ಶುರು ಮಾಡಿದರು. ಅವರಿಗೂ ಬಿಡುಗಡೆಯ ದಿನ ಅದೇ.

ದೊಡ್ಡಪ್ಪ: ಗಟ್ಟಿ ಕಟ್ಟಡ ಒಡೆಯುವುದು ಯಾವ ಜಾಣತನ? ಬೆಂಗಳೂರಿನಲ್ಲಿ ನಾವು ಬ್ರಿಟಿಷರ ಕಾಲದ ಅಠಾರ ಕಚೇರಿ ಉಳಿಸಿಕೊಂಡಿಲ್ವಾ? 1868ರದ್ದು. ಇವತ್ತಿಗೂ ಹೈಕೋರ್ಟ್ ಅಲ್ಲೇ.

ನಾನು: ಅಠಾರ ಕಚೇರಿಯನ್ನು ಯಾರ ಅರಮನೆ ಕೆಡವಿ ಕಟ್ಟಿದರು ದೊಡ್ಡಪ್ಪ? ಮೈಸೂರು ಅರಮನೆ ಅಂಗಳದಲ್ಲಿ, ಜಂಬೂ ಸವಾರಿ ಹೊರಡುವ ಜಾಗಕ್ಕೆ ಅಡ್ಡ ಕಟ್ಟಿದ್ದರೆ ಇಟ್ಟುಕೊಳ್ಳುತ್ತಿದ್ದಿರಾ?

ದೊಡ್ಡಪ್ಪ: ಕಲ್ಲಿಗೇನು ಗೊತ್ತು ಯಾರು ಕಟ್ಟಿದ್ದು ಅಂತ? ಬೇರೆ ಕೆಲಸಕ್ಕೆ ಬಳಸಬಹುದಿತ್ತು.

ಪುಟ್ಟಿ: ಬಳಸಿದ್ದರು ದೊಡ್ಡಪ್ಪ. ಎಷ್ಟೋ ವರ್ಷ ಅವರದೇ ಸರ್ಕಾರ ಅಲ್ಲಿತ್ತು. 1986ರಿಂದ ನ್ಯಾಷನಲ್ ಮ್ಯೂಸಿಯಂ. ಇಮೊ ಚಿಕ್ಕವರಿದ್ದಾಗ ಹಲ್ಮೊನಿ ಕೈ ಹಿಡಿದು ಕರೆತಂದಿದ್ದರಂತೆ. ‘ಒಡೆದಾಗ ನಾನೂ ಚಪ್ಪಾಳೆ ತಟ್ಟಿದೆ. ಆದರೆ ಇವಳು ಕೂತು ಕಿತ್ತಳೆ ಸುಲಿದ ಮೆಟ್ಟಿಲು ಎಲ್ಲಿತ್ತು ಅಂತ ಈಗ ತೋರಿಸಲು ಬರುವುದಿಲ್ಲ’ ಅಂದರು. ಇಮೊ ನನಗೆ ಬಿಡಿಸಿ ಹೇಳುವಷ್ಟರಲ್ಲಿ ಅವರು ಮುಂದೆ ನಡೆದಾಗಿತ್ತು.

ದೊಡ್ಡಪ್ಪ: ಅದನ್ನೇ ನಾನು ಹೇಳಿದ್ದು.

ನಾನು: ನೀವು ಹೇಳಿದ್ದು ಅದಲ್ಲ.

ಪುಟ್ಟಿ: ಒಡೆದ ಕಟ್ಟಡದ ಗೋಪುರದ ತುದಿಯನ್ನು ಮಾತ್ರ ಚೊನಾನ್ ಊರಿನ ಸ್ವಾತಂತ್ರ್ಯ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಬೇಕಂತಲೇ ಗುಂಡಿಯೊಳಗೆ. ಯಾರೇ ಹೋದರೂ ಮೇಲಿನಿಂದ ಕೆಳಗೆ ನೋಡಬೇಕು.

ಚಿಕ್ಕಪ್ಪ: ಸೇಡು ಅಂದರೆ ಇದು!

(ಚಿಕ್ಕಪ್ಪ ಇಡೀ ವರ್ಷದಲ್ಲಿ ಬರೆದ ಮೂರನೇ ಮೆಸೇಜು.)

ಅಜ್ಜಿ: ಪುಟ್ಟೀ ಊಟ ಏನು ಮಾಡಿದೆ?

ಪುಟ್ಟಿ: ಗ್ವಾಂಗ್‌ಜಾಂಗ್ ಮಾರುಕಟ್ಟೆಯಲ್ಲಿ ಬಿಂದೆತೊಕ್ ಅಜ್ಜಿ. ನೆನೆಸಿದ ಹೆಸರುಬೇಳೆ ರುಬ್ಬಿ, ಕಾವಲಿಯಲ್ಲಿ ದಪ್ಪಗೆ ಹುಯ್ಯುತ್ತಾರೆ. ಅಂಗಡಿ ಮುಂದೆಯೇ ಬೀಸುವ ಕಲ್ಲು ಮೋಟಾರಿನಲ್ಲಿ ತಿರುಗುತ್ತಿರುತ್ತದೆ. ಅಂಚು ಗರಿಗರಿ, ನಡುವೆ ಮೆತ್ತಗೆ, ನಿಮ್ಮ ಹೆಸರುಬೇಳೆ ದೋಸೆ ಥರ. ಆದರೆ ಎಣ್ಣೆ ಜಾಸ್ತಿ.

ಅತ್ತೆ: ಅದಕ್ಕೆ ಹಂದಿ ಹಾಕುತ್ತಾರಂತಲ್ಲ?

ಪುಟ್ಟಿ: ಇಮೊ ಬೇಡ ಅಂತ ಹೇಳಿ ಬೇರೆ ಹುಯ್ಯಿಸಿದರು.

ಅತ್ತೆ: ಎಣ್ಣೆ?

(ಪುಟ್ಟಿ ಟೈಪ್ ಮಾಡುತ್ತಿದ್ದಾಳೆ ಅಂತ ಎರಡು ನಿಮಿಷ ತೋರಿಸಿತು. ಏನೂ ಬರಲಿಲ್ಲ.)

ಅಜ್ಜಿ: ಹೊಟ್ಟೆ ತುಂಬಿತಲ್ಲ, ಬಿಡೇ.

ಪುಟ್ಟಿ: ಅತ್ತೆ, ಕೋಪ ಮಾಡಿಕೊಳ್ಳಬೇಡಿ. ಇಲ್ಲಿ ಹೋಟೆಲಿನಲ್ಲಿ ಬಡಿಸುವವರನ್ನೂ ಇಮೊ ಅನ್ನುತ್ತಾರೆ. ಅಪ್ಪನ ತಂಗಿಗೆ ಬೇರೆ ಪದ ಇದೆ, ಗೊಮೊ. ಅದನ್ನು ಹೀಗೆ ಸುಮ್ನೆ ಹೊರಗಿನವರಿಗೆ ಬಳಸುವುದಿಲ್ಲ. ನನಗೆ ಗೊಮೊ ನೀವೊಬ್ಬರೇ.

ಅತ್ತೆ: ಗೊಮೊ. ಗುಮ್ಮ ಅಂದ ಹಾಗಿದೆ.

ಅತ್ತೆ: ಆ ಇಮೊಗೆ ಹಪ್ಪಳ ಅಕ್ಕಿಯದು ಆಗುತ್ತದಾ, ಹಲಸಿನದು ಆಗುತ್ತದಾ ಕೇಳು.

ದೊಡ್ಡಪ್ಪ: (ಆಡಿಯೋ, 4 ನಿಮಿಷ 12 ಸೆಕೆಂಡ್) ಅಠಾರ ಕಚೇರಿ ಬಗ್ಗೆ.

ಅಜ್ಜಿ: ಯಾರೂ ಕೇಳಬೇಡಿ. ಅಲ್ಲಿ ಹನ್ನೊಂದು ಗಂಟೆ ಆಯಿತು, ಹುಡುಗಿ ಮಲಗಲಿ.