ಸಹಾಯ ಬೇಕು: ಸ್ವಾರ್ಥ್‌ಮೋರ್ ಕಾಲೇಜನ್ನು ನೋಡಿಬರುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಜಯನಗರದಲ್ಲಿ ಪ್ರಥಮ ಪಿಯುಸಿ ಓದುತ್ತಿರುವ ನನ್ನ ಮಗಳಿಗೆ ಗಣಿತದ ಜೊತೆಗೆ ತತ್ವಶಾಸ್ತ್ರವನ್ನೂ ಓದುವ ಆಸೆಯಿರುವುದರಿಂದ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಸ್ವಾರ್ಥ್‌ಮೋರ್ ಕಾಲೇಜನ್ನೂ ಒಂದು ಆಯ್ಕೆಯಾಗಿ ಇಟ್ಟುಕೊಂಡಿದ್ದೇವೆ. ಏಪ್ರಿಲ್ ರಜೆಯಲ್ಲಿ ನ್ಯೂಜೆರ್ಸಿಯ ನನ್ನ ತಮ್ಮನ ಮನೆಗೆ ಹೇಗೂ ಹೋಗುವವರಿದ್ದು, ಆಗ ಫಿಲಡೆಲ್ಫಿಯಾದಿಂದ ಲೋಕಲ್ ರೈಲಿನಲ್ಲಿ ಹೋಗಿ ಕಾಲೇಜನ್ನು ನೋಡಿಬರುವ ಯೋಚನೆಯಿದೆ.

1864ರಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಸ್ಥಾಪಿಸಿದ ಈ ಕಾಲೇಜಿನಲ್ಲಿ ಆನರ್ಸ್ ವಿದ್ಯಾರ್ಥಿಗಳು ಸಣ್ಣ ಸೆಮಿನಾರ್‌ಗಳಲ್ಲಿ ಚರ್ಚಿಸುತ್ತಾ ಓದಿ, ಕೊನೆಗೆ ಬೇರೆ ಸಂಸ್ಥೆಗಳಿಂದ ಬಂದ ಪರೀಕ್ಷಕರ ಮುಂದೆ ಮೌಖಿಕ ಪರೀಕ್ಷೆಯನ್ನೂ ಎದುರಿಸಬೇಕು. ಗೈಡ್ ಓದಿ ಉತ್ತರ ಬರೆಯುವುದೇ ರೂಢಿಯಾಗಿರುವ, ತರಗತಿಯಲ್ಲಿ ಕೈಯೆತ್ತಲೂ ಹಿಂಜರಿಯುವ ಹುಡುಗಿಗೆ ಈ ಪದ್ಧತಿ ಒಗ್ಗೀತೇ ಎಂಬುದೇ ನನ್ನ ಮುಖ್ಯ ಚಿಂತೆ. (ಆವರಣದ ಮರಗಿಡಗಳ ಅಂದವನ್ನು ಫೋಟೋಗಳಲ್ಲೇ ಬೇಕಾದಷ್ಟು ನೋಡಿದ್ದೇವೆ.)

ಅಲ್ಲಿ ಓದಿದವರು ಅಥವಾ ಮಕ್ಕಳನ್ನು ಓದಿಸಿದವರು ದಯವಿಟ್ಟು ತಿಳಿಸಿ: ಕ್ಯಾಂಪಸ್ ಟೂರ್ ಮುಗಿದ ಮೇಲೆ ಒಂದು ತರಗತಿಯಲ್ಲಿ ಕುಳಿತು ನೋಡಲು ಯಾರ ಅನುಮತಿ ಕೇಳಬೇಕು, ಪ್ರಾಧ್ಯಾಪಕರಿಗೆ ನೇರವಾಗಿ ಇಮೇಲ್ ಬರೆಯುವುದು ಸರಿಯೇ? ವಿದೇಶಿ ಅರ್ಜಿದಾರರಿಗೆ ಸೀಟು ನಿರ್ಧರಿಸುವಾಗ ಆರ್ಥಿಕ ನೆರವಿನ ಅಗತ್ಯವನ್ನೂ ಪರಿಗಣಿಸುವುದರಿಂದ, ಭೇಟಿಯ ದಿನವೇ ಆ ವಿಷಯ ಎತ್ತಬಹುದೇ? ಬೆಂಗಳೂರಿನಲ್ಲೇ ಇರುವ ಹಳೆಯ ವಿದ್ಯಾರ್ಥಿಗಳು ಯಾರಾದರೂ ಮಗಳೊಂದಿಗೆ ಸ್ವಲ್ಪ ಹೊತ್ತು ಮಾತನಾಡಲು ಒಪ್ಪಿದರೆ ದೊಡ್ಡ ಉಪಕಾರವಾಗುತ್ತದೆ.