ಆರ್‌ವಿ ಜನರೇಟರ್ ಹತ್ತಿಕೊಳ್ಳುತ್ತಿಲ್ಲ, ಯಾರಾದ್ರೂ ದಾರಿ ಹೇಳಿ

ಪ್ರಶ್ನೆ:
ಅರಿಜೋನಾದ ಫ್ಲಾಗ್‌ಸ್ಟಾಫ್ ಹತ್ತಿರ ಕಾಡಿನಲ್ಲಿ ನಿಂತಿದ್ದೇವೆ. ನಮ್ಮದು ಹಳೆಯ ಪೆಟ್ರೋಲ್ ಮೋಟರ್‌ಹೋಮ್, ಅಂದರೆ ಒಳಗೇ ಅಡುಗೆ ಮಾಡಿ ಮಲಗಬಹುದಾದ ಆರ್‌ವಿ ಗಾಡಿ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಜನರೇಟರ್ ಮಾತ್ರ ಗುರ್‍ರ್ ಎಂದು ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಆಯಿಲ್ ನೋಡಿದೆ, ಸರಿಯಾಗಿದೆ. ಕಾಯಿಚಟ್ನಿ ಮಿಕ್ಸಿಯಲ್ಲೇ ಅರ್ಧಕ್ಕೆ ನಿಂತಿದೆ. ಹೆಂಡತಿ ಮಾತಾಡ್ತಿಲ್ಲ.

ಉತ್ತರ 1:
ಬರೀ ಟಕ್ ಅನ್ನೋದಲ್ಲ, ಜೋರಾಗಿ ತಿರುಗುತ್ತದೆ ಅಲ್ವಾ? ಹಾಗಾದರೆ ಬ್ಯಾಟರಿ ಚಿಂತೆ ಬಿಡಿ. ಗಾಡಿ ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ? ಜನರೇಟರ್ ಎಳೆಯುವುದೂ ಅದರಿಂದಲೇ.

ಕೇಳಿದವರು:
ಕಾಲು ಟ್ಯಾಂಕಿಗಿಂತ ಸ್ವಲ್ಪ ಕಡಿಮೆ.

ಉತ್ತರ 1:
ಅದೇ ಇರಬೇಕು. ಜನರೇಟರಿನ ಪೈಪು ಟ್ಯಾಂಕಿನ ತಳದವರೆಗೆ ಇಳಿದಿರುವುದಿಲ್ಲ. ಸಾಮಾನ್ಯವಾಗಿ ಕಾಲು ಟ್ಯಾಂಕಿಗೆ ಬಂದರೆ ಎಳೆಯುವುದಿಲ್ಲ. ರಾತ್ರಿಯಿಡೀ ಎಸಿ ಹಾಕಿ ಮಲಗಿದರೂ ಬೆಳಿಗ್ಗೆ ಬಂಕ್ ಮುಟ್ಟುವಷ್ಟು ಉಳಿಯಲಿ ಅಂತ ಬೇಕಂತಲೇ ಹಾಗೆ ಇಡುತ್ತಾರೆ.

ಉತ್ತರ 2:
ತುಂಬಿಸಿದ ಮೇಲೆ ಸುಮ್ನೆ ಸ್ಟಾರ್ಟ್ ಒತ್ತುತ್ತಾ ಕೂರಬೇಡಿ. ಕೆಲವು ಜನರೇಟರ್‌ಗಳಲ್ಲಿ ಸ್ಟಾಪ್ ಬಟನ್ ಒತ್ತಿ ಹಿಡಿದರೆ ಪೆಟ್ರೋಲ್ ಎಳೆಯುವ ಪಂಪ್ ಓಡುತ್ತದೆ. ಅರ್ಧ ನಿಮಿಷ ಹಿಡಿಯಿರಿ. ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಕಾರ್ಬುರೇಟರ್ ಒಳಗೆ ಅಂಟು ಕಟ್ಟಿರಲೂಬಹುದು.

ಕೇಳಿದವರು:
ತುಂಬಿಸಿ ಬಂದೆ. ಸ್ಟಾಪ್ ಹಿಡಿದಾಗ ಒಳಗೆ ಟಿಕ್ ಟಿಕ್ ಸದ್ದು. ಮೂರನೇ ಸಲಕ್ಕೆ ಕೆಮ್ಮಿ, ಒಂದಿಷ್ಟು ಹೊಗೆ ಬಿಟ್ಟು ಹತ್ತಿತು! ಚಟ್ನಿ ರುಬ್ಬಿ ಆಯ್ತು. ಹೆಂಡತಿ ಇನ್ನೂ ಮಾತಾಡ್ತಿಲ್ಲ.