ಅಮ್ಮನ ಜೊತೆ ಎರಡು ರಾತ್ರಿ ಕಡಲತೀರ: ರೂಮು ಮೇಲೋ ಕೆಳಗೋ? ಹೋಗಿ ಬಂದವರು ಹೇಳಿ

ಕಡಲಾಸೆ:
ಅಮ್ಮನಿಗೆ 68. ಮಂಡಿನೋವು, ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. ನೀರು ಕಂಡರೆ ಹೆದರಿಕೆ, ಆದರೂ ಅಲೆಯಲ್ಲಿ ಕಾಲಿಡಬೇಕು ಅಂತಾರೆ. ಕಡಲಿಗೆ ಮುಖ ಮಾಡಿರುವ ಮಹಡಿ ರೂಮು ಹಿಡಿಯೋದಾ, ಹಿಂದಿನ ಬೀದಿಯಲ್ಲಿ ನೆಲಮಹಡಿ ಸಾಕಾ?

ನೆಲಮಹಡಿ:
ಹಿಂದಿನ ಬೀದಿ, ನೆಲಮಹಡಿ. ಯೋಚನೆಯೇ ಬೇಡ. ‘ಸೀ ವ್ಯೂ’ ಅಂತ ಹೆಚ್ಚಿಗೆ ಕೀಳೋದು ಬರೀ ಕಿಟಕಿಗೆ. ಎರಡು ಕಟ್ಟಡದ ಸಂದಿಯಲ್ಲಿ ಕಾಣೋ ಒಂದು ಗೇಣು ನೀಲಿಗೂ ಅದೇ ಹೆಸರು, ಅದೇ ದರ. ಅದರ ಮೇಲೆ ತೆರಿಗೆ ಬೇರೆ, ಹೆಚ್ಚುವರಿ ಹಾಸಿಗೆ ಬೇರೆ, ತೀರದ ಕುರ್ಚಿ ಗಂಟೆ ಲೆಕ್ಕದಲ್ಲಿ ಬೇರೆ, ಕೊಡೆ ಅದರಲ್ಲಿ ಸೇರಿರಲ್ಲ. ‘ರದ್ದು ಮಾಡಿದರೆ ಪೂರ್ತಿ ವಾಪಸ್’ ಅನ್ನೋದರ ಕೆಳಗೆ ಎಷ್ಟು ಗಂಟೆ ಮುಂಚೆ ಅಂತ ಸಣ್ಣಕ್ಷರದಲ್ಲಿ ಇರುತ್ತೆ, ಓದಿ. ಕಿಟಕಿಗೆ ಕೊಡೋ ದುಡ್ಡನ್ನು ಮೊದಲ ದಿನ ಬೇಗ ಒಳಗೆ ಬಿಡೋದಕ್ಕೆ, ಕೊನೇ ದಿನ ತಡವಾಗಿ ಖಾಲಿ ಮಾಡೋದಕ್ಕೆ ಹಾಕಿ. ಎರಡು ರಾತ್ರಿಯಲ್ಲಿ ಪೂರಾ ಸಿಗೋದು ಒಂದೇ ಹಗಲು. ಉಳಿದೆರಡು ದಿನ ಪೆಟ್ಟಿಗೆ ಕಾಯ್ತಾ ಲಾಬಿಯಲ್ಲಿ ಕೂತರೆ ಮುಗೀತು.

ಫೋನಲ್ಲಿ ‘ಹಿರಿಯರಿಗೆ ಅನುಕೂಲ ಇದೆಯಾ’ ಅಂತ ಕೇಳಬೇಡಿ, ಇಲ್ಲ ಅನ್ನೋರು ಯಾರು? ಲೆಕ್ಕ ಕೇಳಿ. ರೂಮಿನಿಂದ ಮರಳಿಗೆ ಎಷ್ಟು ಮೆಟ್ಟಿಲು, ರೇಲಿಂಗ್ ಒಂದು ಕಡೆಯೋ ಎರಡೂ ಕಡೆಯೋ, ಮಂಚದ ಎತ್ತರ ಎಷ್ಟು (45ರಿಂದ 50 ಸೆಂ.ಮೀ. ಇದ್ದರೆ ಎದ್ದೇಳೋದು ಸಲೀಸು), ಬಚ್ಚಲಿಗೆ ಹೊಸ್ತಿಲು ಇದೆಯಾ, ಕಮೋಡ್ ಪಕ್ಕ ಹಿಡಿಕೆ ಇದೆಯಾ. ಫೋಟೋ ಕಳಿಸಿ ಅನ್ನಿ. ಕಳಿಸದಿದ್ದರೆ ಹಿಡಿಕೆ ಇಲ್ಲ ಅಂತಲೇ ತಿಳ್ಕೊಳ್ಳಿ.

ಬಾಲ್ಕನಿ ಪಕ್ಷ:
ಮೇಲಿನವರಿಗೆ ಯಾರೋ ಸಂದಿ ತೋರಿಸಿ ದುಡ್ಡು ಕಿತ್ತಿದ್ದಾರೆ, ಆ ಸಿಟ್ಟು ಇಲ್ಲಿ ಕಾರ್ತಿದ್ದಾರೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬಿಸಿಲು ತಲೆ ಒಡೆಯುತ್ತೆ, ಅಮ್ಮನ್ನ ಮರಳಿಗೆ ಇಳಿಸೋ ಹಾಗೇ ಇಲ್ಲ. ಆ ಆರು ಗಂಟೆ ಹಿಂದಿನ ಬೀದಿ ಗೋಡೆ ನೋಡೋಕೆ ಅಷ್ಟು ದೂರ ಹೋಗ್ಬೇಕಾ? ಲಿಫ್ಟ್ ಇರೋ ಕಡೆ ಮೇಲಿನ ರೂಮು ತಗೊಳ್ಳಿ. ಬಾಲ್ಕನಿ ಫೋಟೋ ಕೇಳುವಾಗ ನಿಂತು ತೆಗೆದದ್ದು ಬೇಡ, ಕುರ್ಚಿಯಲ್ಲಿ ಕೂತು ತೆಗೆದದ್ದು ಕಳಿಸಿ ಅನ್ನಿ. ಕೂತಾಗ ಸರಳು ಕಣ್ಣಿಗೆ ಅಡ್ಡ ಬಂದರೆ ಕಡಲೂ ಇಲ್ಲ ಗಿಡಲೂ ಇಲ್ಲ.

ತೊಂದರೆ ಇಲ್ಲ ಅಂತಲ್ಲ. ಬಾಗಿಲು ತೆರೆದಿಟ್ಟು ಏಸಿ ಹಾಕಿದರೆ ನೆಲದ ಮೇಲೆ ಪಸೆ ಕೂತು ಜಾರುತ್ತೆ. ಕಿವಿಯಂತ್ರ ಇದ್ದರೆ ರಾತ್ರಿ ಬ್ಯಾಟರಿ ಮುಚ್ಚಳ ತೆಗೆದು ಪಸೆ ಹೀರೋ ಸಿಲಿಕಾ ಜೆಲ್ ಪೊಟ್ಟಣ ಇರೋ ಡಬ್ಬಿಯಲ್ಲಿಡಿ, ಉಪ್ಪುಗಾಳಿಗೆ ಸಂಪರ್ಕ ತುಕ್ಕು ಹಿಡಿಯುತ್ತೆ.

ಇಳಿತದ ಲೆಕ್ಕ:
ರೂಮು ಆಮೇಲೆ, ಮೊದಲು ಚಂದ್ರನನ್ನು ನೋಡಿ. ಹುಣ್ಣಿಮೆ, ಅಮಾವಾಸ್ಯೆ ಆದ ಒಂದೆರಡು ದಿನ ಉಬ್ಬರ ಅತಿ ಎತ್ತರ, ಇಳಿತ ಅತಿ ತಗ್ಗು, ನೀರಿನ ಓಡಾಟ ಜೋರು. ಅಷ್ಟಮಿ ಆಸುಪಾಸು ಅಂತರ ಕಡಿಮೆ. ಹೆದರುವವರನ್ನು ಕರೆದೊಯ್ಯಲು ಅದೇ ಹೊತ್ತು. ದಿನಕ್ಕೆರಡು ಉಬ್ಬರ ಬರುವ ತೀರದಲ್ಲಿ ಒಂದರಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇವತ್ತು ಬೆಳಿಗ್ಗೆ 7ಕ್ಕೆ ಇಳಿತವಿದ್ದರೆ ನಾಳೆ 7:50ರ ಹೊತ್ತಿಗೆ.

ನೀರು ಒಂದೇ ಸಮನೆ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಆರು ಗಂಟೆಗಳಲ್ಲಿ ಅಂದಾಜು 1, 2, 3, 3, 2, 1. ಮೂರನೇ ಮತ್ತು ನಾಲ್ಕನೇ ಗಂಟೆಯಲ್ಲೇ ಅರ್ಧ ನೀರು ಬಂದುಬಿಡುತ್ತದೆ. ಇಳಿತದಲ್ಲಿ ನೀರಂಚಿಗೆ ಕುರ್ಚಿ ಹಾಕಿ ‘ಏನೂ ಏರಿಲ್ಲವಲ್ಲ’ ಅಂದವರು ಮೂರನೇ ಗಂಟೆಯಲ್ಲಿ ಚಪ್ಪಲಿ ಹುಡುಕುತ್ತಾರೆ. ಇಳಿತಕ್ಕೆ ಒಂದು ಗಂಟೆ ಮುಂಚೆ ಇಳಿಯಿರಿ, ಒಂದು ಗಂಟೆ ಬಿಟ್ಟು ಹತ್ತಿ. ಆಗ ಸಿಗುವ ಒದ್ದೆ ಮರಳು ಗಟ್ಟಿ, ಮಂಡಿಗೆ ಹಿತ.

ಮಂಡಿ ಮಾತು:
ಮಂಡಿಗೆ ಹಿತ ಅನ್ನೋದು ಅರ್ಧ ಸತ್ಯ. ತೀರ ಇಳಿಜಾರಾಗಿದ್ದರೆ ನೀರಂಚಲ್ಲಿ ನಡೆಯುವಾಗ ಕಡಲ ಕಡೆಯ ಕಾಲು ಸದಾ ತಗ್ಗಿನಲ್ಲಿ, ಸೊಂಟ ವಾಲಿ ನೋವು ಹೆಚ್ಚುತ್ತೆ. ಮರಳಿನ ಕಾಳು ನೋಡಿ ತೀರ ಆರಿಸಿ. ನುಣ್ಣನೆ ಮರಳಿನ ತೀರ ಸಾಮಾನ್ಯವಾಗಿ ಚಪ್ಪಟೆ, ಅಲೆ ದೂರದಲ್ಲೇ ಒಡೆದು ತೆಳ್ಳಗೆ ಹರಿದು ಬರುತ್ತೆ. ದಪ್ಪ ಮರಳಿನದು ಕಡಿದು, ಅಲೆ ದಡದ ಮೇಲೇ ಬಂದು ಬೀಳುತ್ತೆ.

ಇನ್ನೊಂದು, ವಯಸ್ಸಾದವರು ಹೆಚ್ಚಾಗಿ ಬೀಳೋದು ಅಲೆ ವಾಪಸ್ ಹೋಗುವಾಗ. ಹಿಮ್ಮಡಿ ಕೆಳಗಿನ ಮರಳು ಜಾರಿ ಗುಂಡಿಯಾಗುತ್ತೆ, ಹಿಂದಕ್ಕೆ ವಾಲ್ತಾರೆ. ಅಲೆಗೆ ಪಕ್ಕ ತಿರುಗಿ, ಕಾಲು ಅಗಲಿಸಿ ನಿಲ್ಲಲಿ. ಕಣಕಾಲು ಮುಳುಗಿದರೆ ಸಾಕು. ನೀವು ಕಡಲ ಕಡೆ ನಿಲ್ಲಿ. ಅವರ ಮಣಿಕಟ್ಟು ನೀವು ಹಿಡಿಯಬೇಡಿ, ನಿಮ್ಮ ತೋಳನ್ನು ಮೊಣಕೈ ಮೇಲೆ ಅವರು ಹಿಡಿಯಲಿ. ಎರಡು ಮೂರು ಅಲೆಗೊಮ್ಮೆ ಹೆಜ್ಜೆ ಎತ್ತಿ ಜಾಗ ಬದಲಿಸಿ.

ತೀರದಲ್ಲಿ ಬಾಡಿಗೆಗೆ ಸಿಗೋ ತಗ್ಗಿನ ಬಟ್ಟೆ ಕುರ್ಚಿ ಬೇಡವೇ ಬೇಡ, ಕೂತರೆ ಎಬ್ಬಿಸಲು ಇಬ್ಬರು ಬೇಕು. ಆಸನ ನೆಲದಿಂದ 45 ಸೆಂ.ಮೀ. ಇರಲಿ, ತೋಳು ಇರಲಿ. ಬರೀ ಮರಳಲ್ಲಿ ಒಂದು ಕಾಲು ಮಾತ್ರ ಹೂತು ಕುರ್ಚಿ ಓರೆಯಾಗುತ್ತೆ, ಎದ್ದೇಳುವಾಗ ಭಾರವೆಲ್ಲ ಒಂದೇ ತೋಳಿನ ಮೇಲೆ. ಕಾಲುಗಳ ಕೆಳಗೆ ಪ್ಲೈವುಡ್ ಹಲಗೆ ಹಾಕಿ.

ಬಾಲ್ಕನಿ ಪಕ್ಷ:
ಪ್ಲೈವುಡ್ ಹೊತ್ಕೊಂಡು ರಜೆಗೆ ಹೋಗೋರು ಯಾರು ಸ್ವಾಮಿ?

ಮಂಡಿ ಮಾತು:
60 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ಎರಡು ತುಂಡು, ಎಡದ ಕಾಲುಗಳಿಗೊಂದು, ಬಲದವಕ್ಕೊಂದು. ಸೂಟ್‌ಕೇಸ್ ತಳದಲ್ಲಿ ಕೂರುತ್ತೆ. ನಿಮ್ಮ ಬಾಲ್ಕನಿ ಕೂರಲ್ಲ.

ಜವಾರಿ:
ಎಲ್ಲಾರೂ ಕುರ್ಚಿ ಮ್ಯಾಲೇ ಕುಂತೀರಲ್ರಿ, ಇನ್ಸುಲಿನ್ ಅಂದದ್ದು ಯಾರೂ ಓದಿಲ್ಲೇನು? ಬಳಸಾಕ ಸುರು ಮಾಡಿದ ಇನ್ಸುಲಿನ್ ಬಹುತೇಕ 28 ದಿನ ಹೊರಗ ಇಡಬಹುದು, ಆದ್ರ 30 ಡಿಗ್ರಿ ದಾಟಬಾರದು. ನಿಮ್ಮದರ ಚೀಟಿ ಓದ್ರಿ. ನೀರಾಗ ನೆನಸೋ ತಂಪು ಚೀಲ ಎಲ್ಲಾರೂ ಹೊಗಳ್ತಾರ. ಅದು ನೀರು ಆರಿದಾಗ ತಂಪು. ಕಡಲ ಗಾಳಿಯಾಗ ಪಸೆ ಜಾಸ್ತಿ, ಆರೂದು ನಿಧಾನ, ತಂಪೂ ಕಡಿಮಿ. ಐಸ್ ಪ್ಯಾಕ್ ಇಡೋದಾದ್ರ ನಡುವ ಟವೆಲ್ ಸುತ್ರಿ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ್ರೂ ಚೆಲ್ಲೂದ. ರೂಮಿನ ಸಣ್ಣ ಫ್ರಿಜ್ಜಿನಾಗ ಹಿಂದಿನ ಗೋಡೆಗೆ ಒತ್ತಿ ಇಟ್ರೂ ಅದ ಗತಿ. ಕೀ ಕಾರ್ಡ್ ಕಿತ್ತಕೂಡ್ಲೇ ಫ್ರಿಜ್ಜೂ ಬಂದಾಗೋ ರೂಮ್ ಅದಾವ, ಮೊದಲ ಕೇಳ್ರಿ.

ಬಿಸಿಲಾಗ ಮೈ ಕಾದ್ರ ಇನ್ಸುಲಿನ್ ಲಗೂನ ರಕ್ತಕ್ಕ ಸೇರತೈತಿ. ಮ್ಯಾಲೆ ಮರಳಾಗ ನಡಿಗಿ. ಸಕ್ಕರಿ ಇಳಿತೈತಿ. 15 ಗ್ರಾಂ ಗ್ಲೂಕೋಸ್ ಕಿಸೆದಾಗ ಇರಲಿ, ಕೊಟ್ಟು 15 ನಿಮಿಷಕ್ಕ ಮತ್ತ ಚೆಕ್ ಮಾಡ್ರಿ. ಬರಿಗಾಲು ಬ್ಯಾಡ, ನೀರಾಗೂ ಬ್ಯಾಡ. ಪಾದಕ್ಕ ಸ್ಪರ್ಶ ಕಡಿಮಿ ಆಗಿದ್ರ ಕಾದ ಮರಳು ಸುಟ್ಟದ್ದು, ಚಿಪ್ಪು ಕೊಯ್ದದ್ದು ಗೊತ್ತ ಆಗೂದಿಲ್ಲ.

ನೆಲಮಹಡಿ:
ಶೌಚಾಲಯದ ಮಾತು ಯಾರೂ ಎತ್ತಿಲ್ಲ. ದೂರ ಅಂತ ಗೊತ್ತಾದರೆ ಅಮ್ಮಂದಿರು ನೀರು ಕುಡಿಯೋದನ್ನೇ ಬಿಡ್ತಾರೆ, ಕೇಳಿದರೆ ‘ಬಾಯಾರಿಲ್ಲಪ್ಪ’ ಅಂತಾರೆ. ಬಿಪಿಗೆ ಹೈಡ್ರೋಕ್ಲೋರೋಥಯಾಜೈಡ್ ಥರ ಮೂತ್ರ ಹೆಚ್ಚಿಸೋ ಮಾತ್ರೆ ಇದ್ದರೆ ಮೈ ಇನ್ನೂ ಬೇಗ ಒಣಗುತ್ತೆ, ಚರ್ಮವೂ ಬಿಸಿಲಿಗೆ ಬೇಗ ಸುಡುತ್ತೆ. ಕುರ್ಚಿ ಹಾಕೋ ಜಾಗ ಶೌಚಾಲಯದ ದೂರ ನೋಡಿ ಗೊತ್ತು ಮಾಡಿ.

ಬಾಲ್ಕನಿ ಪಕ್ಷ:
ಹಿಂದಿನ ಬೀದಿಯಲ್ಲಿರೋ ನಿಮ್ಮ ಶೌಚಾಲಯ ಮರಳಿಂದ ಎಷ್ಟು ದೂರ? ನಿಮ್ಮ ವಾದ ನಿಮ್ಮ ಕಾಲಿಗೇ ಸುತ್ಕೊಂಡಿದೆ.

ಉಪ್ಪುಗಾಳಿ:
ಒಂದು ಬಾಟಲಿ ವಿನೆಗರ್ ಇಟ್ಕೊಳ್ಳಿ. ಜೆಲ್ಲಿ ಮೀನು ಕುಟುಕಿದರೆ ಸುರಿದರಾಯ್ತು.

ಇಳಿತದ ಲೆಕ್ಕ:
ಎಲ್ಲಕ್ಕೂ ವಿನೆಗರ್ ಅಲ್ಲ. ಡಬ್ಬಿಯಂತೆ ಚೌಕ ಮೈಯಿರುವ ಬಾಕ್ಸ್ ಜೆಲ್ಲಿ ಮೀನಿಗೆ ಸರಿ. ನೀಲಿ ಗುಳ್ಳೆಯಾಗಿ ತೇಲುವ ಫೈಸೇಲಿಯಾಕ್ಕೆ ಆಸ್ಟ್ರೇಲಿಯಾದ ಪ್ರಥಮ ಚಿಕಿತ್ಸೆ ನಿಯಮ ವಿನೆಗರ್ ಬೇಡ ಅನ್ನುತ್ತದೆ. ಅಂಟಿದ ಎಳೆ ಕಿತ್ತು, ಕಡಲ ನೀರಲ್ಲೇ ತೊಳೆದು, 45 ಡಿಗ್ರಿಯ ಬಿಸಿನೀರಲ್ಲಿ 20 ನಿಮಿಷ. ಸಿಹಿನೀರು ಹಾಕಿ ತೊಳೆದರೆ ಉಳಿದ ಕುಟುಕುಕೋಶಗಳು ಸಿಡಿಯಬಹುದು.

ಉಪ್ಪುಗಾಳಿ:
ಮರಳ ಮೇಲೆ ಥರ್ಮಾಮೀಟರ್ ಹಿಡ್ಕೊಂಡು ನಿಲ್ಲೋರು ನೀವೊಬ್ಬರೇ.

ಜವಾರಿ:
ಸ್ಪರ್ಶ ಇಲ್ಲದ ಪಾದಕ್ಕ 45 ಡಿಗ್ರಿ ನೀರು ಹಾಕಿಸ್ತೀರೇನ್ರಿ? ಮೊದಲ ನಿಮ್ಮ ಕೈ ಇಟ್ಟು ನೋಡ್ರಿ, ನಿಮಗ ತಡಕೊಳ್ಳಾಕ ಆದ್ರ ಮುಂದ ಮಾತು.

ಕಡಲಾಸೆ:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದ್ರೆ ರೂಮು ಮೇಲಾ, ಕೆಳಗಾ?

ನೆಲಮಹಡಿ:
ಕೆಳಗೆ.

ಬಾಲ್ಕನಿ ಪಕ್ಷ:
ಮೇಲೆ. ಕರೆಂಟ್ ಹೋದಾಗ ಲಿಫ್ಟಿಗೆ ಜನರೇಟರ್ ಇದೆಯಾ ಕೇಳ್ಕೊಳ್ಳಿ.

ಇಳಿತದ ಲೆಕ್ಕ:
ತಾರೀಖು ಹೇಳಿ ಮೊದಲು.

ಮಂಡಿ ಮಾತು:
ಹಲಗೆಗೆ ಎರಡು ಕೋಟ್ ವಾರ್ನಿಷ್ ಹೊಡೀರಿ, ಅಂಚಿಗೂ. ಇಲ್ಲದಿದ್ದರೆ ಉಪ್ಪುನೀರು ಕುಡಿದು ಪದರ ಬಿಡುತ್ತೆ.